ಟಿವಿಯ ಊಹಾಶಕ್ತಿ: 43 ಇಂಚಿನ 4ಕೆ ಪರದೆಯ ಎರಡು ವರ್ಷಗಳ ಬಳಕೆ

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಗುಣವಿಶೇಷಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಮಧ್ಯಮ ಬೆಲೆಯ 43 ಇಂಚಿನ 4ಕೆ ಎಲ್‌ಇಡಿ ಟಿವಿಗಳಲ್ಲಿ ಅವು ಹೆಚ್ಚೂಕಡಿಮೆ ಒಂದೇ ಆಗಿರುತ್ತವೆ. ನನ್ನ ತಕರಾರು, ಮೆಚ್ಚುಗೆ ಎರಡೂ ಒಳಗಿರುವ ಪ್ರೊಸೆಸರ್‌ಗೆ ಸಂಬಂಧಿಸಿದವು. ಹೊರಗಿನಿಂದ ಬಂದ ಚಿತ್ರವನ್ನು ಅದು ಇದ್ದ ಹಾಗೆಯೇ ತೋರಿಸುವುದಿಲ್ಲ. ತಿದ್ದಿ, ಹಿಗ್ಗಿಸಿ, ಕೆಲವೊಮ್ಮೆ ಇಲ್ಲದ್ದನ್ನು ಸೇರಿಸಿ ಪರದೆಗೆ ಕಳುಹಿಸುತ್ತದೆ.

ನಮ್ಮ ಮನೆಯಲ್ಲಿ ಟಿವಿಗೆ ಹೆಚ್ಚು ಕೆಲಸ ಬೀಳುವುದು ರಾತ್ರಿ ಊಟದ ನಂತರ. ದೀಪ ಆರಿಸಿ, ಯೂಟ್ಯೂಬಿನಲ್ಲಿ ತೆಂಕುತಿಟ್ಟು ಯಕ್ಷಗಾನದ ಯಾವುದಾದರೊಂದು ಪ್ರಸಂಗ ಹಚ್ಚಿ, ನಿದ್ದೆ ಬರುವವರೆಗೆ ನೋಡುವುದು ರೂಢಿ. ಟಿವಿ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಇದೇ ನೋಡಲಾಗದಂತಿತ್ತು. ಪುಂಡುವೇಷದವರು ದಿಗಿಣ ಹೊಡೆಯುವಾಗ, ಅಂದರೆ ಹಾರಿ ಗಿರ್ರನೆ ತಿರುಗುವಾಗ, ಕೈಗಳ ಸುತ್ತ ನೀರಿನಲ್ಲಿ ಕದಡಿದಂತಹ ಅಂಚು ಕಾಣಿಸಿಕೊಳ್ಳುತ್ತಿತ್ತು. ಚೆಂಡೆಯ ಕೋಲುಗಳ ಅವಸ್ಥೆ ಇನ್ನೂ ವಿಚಿತ್ರ: ಉರುಳಿಕೆ ಬಿರುಸಾದ ಹಾಗೆ ಕೋಲಿನ ಅರ್ಧ ಭಾಗ ಮಾಯವಾಗುತ್ತಿತ್ತು, ಒಮ್ಮೊಮ್ಮೆ ಒಂದು ಕೈಯಲ್ಲಿ ಎರಡು ಕೋಲು ಕಾಣುತ್ತಿತ್ತು.

ಇದಕ್ಕೆ ಕಾರಣ ಚಲನೆಯನ್ನು ನುಣುಪುಗೊಳಿಸುವ ಸೌಲಭ್ಯ. ಒಂದೊಂದು ಕಂಪನಿಯ ಮೆನುವಿನಲ್ಲಿ ಅದಕ್ಕೆ ಒಂದೊಂದು ಹೆಸರು. ವಿಡಿಯೊದಲ್ಲಿ ಸೆಕೆಂಡಿಗೆ 25 ಅಥವಾ 30 ಚಿತ್ರಗಳಿರುತ್ತವೆ, ಈ ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುತ್ತದೆ. ಆ ಅಂತರವನ್ನು ತುಂಬಲು ಪ್ರೊಸೆಸರ್ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಒಂದೊಂದು ಚೌಕವೂ ಮುಂದಿನ ಚಿತ್ರದಲ್ಲಿ ಎಲ್ಲಿಗೆ ಸರಿದಿದೆ ಎಂದು ಹುಡುಕಿ, ನಡುವಿನ ಚಿತ್ರವನ್ನು ತಾನೇ ರಚಿಸುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ ಲೆಕ್ಕ ತಪ್ಪುವುದಿಲ್ಲ. ವೇಷಧಾರಿ ಗಿರ್ರನೆ ತಿರುಗಿದಾಗಲಾದರೋ ಹಿಂದಿನ ಚಿತ್ರದಲ್ಲಿ ಮರೆಯಾಗಿದ್ದ ಭಾಗ ಒಮ್ಮೆಲೇ ಎದುರಿಗೆ ಬರುತ್ತದೆ. ಅದಕ್ಕೆ ಹೊಂದುವ ಚೌಕ ಹಿಂದೆ ಎಲ್ಲೂ ಇರುವುದಿಲ್ಲವಾದ್ದರಿಂದ ಊಹೆ ಮುರಿದು ಬೀಳುತ್ತದೆ.

ಈ ಕಿರಿಕಿರಿ ನನ್ನೊಬ್ಬನದಲ್ಲ. 2018ರಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಇದನ್ನು ಆಫ್ ಮಾಡಿಡಿ ಎಂದು ಪ್ರೇಕ್ಷಕರನ್ನು ಕೇಳಿಕೊಂಡು ವಿಡಿಯೊ ಹೊರತಂದಿದ್ದರು. ಮರುವರ್ಷ ಟಿವಿ ಕಂಪನಿಗಳು, ಸಿನಿಮಾ ಸ್ಟುಡಿಯೊಗಳ ಒಕ್ಕೂಟವಾದ ಯುಎಚ್‌ಡಿ ಅಲಯನ್ಸ್ ‘ಫಿಲ್ಮ್‌ಮೇಕರ್ ಮೋಡ್’ ಘೋಷಿಸಿತು. ಇಂತಹ ತಿದ್ದುವಿಕೆಗಳನ್ನೆಲ್ಲ ಒಟ್ಟಿಗೆ ನಿಲ್ಲಿಸುವುದೇ ಅದರ ಉದ್ದೇಶ. ನನ್ನ ಬಜೆಟ್ಟಿನ ಟಿವಿಯಲ್ಲಿ ಅದಿಲ್ಲ. ಮೆನುವಿನ ಮೂರನೇ ಮೆಟ್ಟಿಲಿಗೆ ಇಳಿದು ಒಂದೊಂದನ್ನೇ ಆಫ್ ಮಾಡಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗಲೆಲ್ಲ ಎಲ್ಲವೂ ಮೊದಲಿನಂತಾಗುತ್ತದೆ ಎಂಬುದು ನನ್ನ ಅತಿ ದೊಡ್ಡ ಸಿಟ್ಟು. ಸೇವಾ ಕೇಂದ್ರಕ್ಕೆ ಫೋನು ಮಾಡಿದರೆ, ಅದು ಚಿತ್ರ ಚೆನ್ನಾಗಿ ಕಾಣಲೆಂದೇ ಇರುವುದು ಸಾರ್, ಆಫ್ ಮಾಡಬೇಡಿ ಎಂಬ ಉಪದೇಶ ಸಿಕ್ಕಿತು.

ಇಷ್ಟು ಬೈದ ಮೇಲೂ ಟಿವಿಯನ್ನು ಮಾರಿಬಿಡದಿರಲು ಕಾರಣ ಅಮ್ಮ ನೋಡುವ ಚಂದನ ವಾಹಿನಿ. ನಮ್ಮಲ್ಲಿರುವುದು ಡಿಡಿ ಫ್ರೀ ಡಿಶ್, ಹಳೆಯ ಸೆಟ್-ಟಾಪ್ ಬಾಕ್ಸ್. ಅಲ್ಲಿಂದ ಬರುವ ಚಿತ್ರದ ಅಳತೆ ಹೆಚ್ಚೆಂದರೆ 720×576, ಅಂದರೆ 4,14,720 ಚುಕ್ಕೆಗಳು. ಪರದೆಯಲ್ಲಿರುವುದು 82,94,400, ಸರಿಯಾಗಿ ಇಪ್ಪತ್ತು ಪಟ್ಟು. ಚಿತ್ರದ ಬಹುಪಾಲು ಟಿವಿಯದೇ ಊಹೆ ಎಂದಾಯಿತು. ಹಾಗಿದ್ದರೂ ವಾರ್ತೆ ಓದುವವರ ಸೀರೆಯ ಅಂಚು, ಕೆಳಗೆ ಓಡುವ ಅಕ್ಷರಗಳ ಒತ್ತು, ಕೊಂಬುಗಳು ಸ್ಪಷ್ಟವಾಗಿ ಮೂಡುತ್ತವೆ. ಹಳೆಯ 32 ಇಂಚಿನ ಟಿವಿಯಲ್ಲಿ ಕನ್ನಡಕ ಹುಡುಕುತ್ತಿದ್ದ ಅಮ್ಮ ಈಗ ಕುರ್ಚಿಯಲ್ಲಿ ಕೂತಲ್ಲಿಂದಲೇ ಓದುತ್ತಾರೆ. ಗೆರೆಯ ದಿಕ್ಕನ್ನು ಗುರುತಿಸಿ ಅದರ ಗುಂಟ ಚುಕ್ಕೆ ತುಂಬುವ ಕೆಲಸವನ್ನು ಈ ಪ್ರೊಸೆಸರ್ ನಿಜಕ್ಕೂ ಚೊಕ್ಕಟವಾಗಿ ಮಾಡುತ್ತದೆ. ಅಮ್ಮನಿಗೆ ಚಲನೆಯ ನುಣುಪೂ ಇಷ್ಟ; ಮೊಬೈಲ್ ಆ್ಯಪಿನ ನೇರಪ್ರಸಾರವನ್ನು ಟಿವಿಗೆ ಹಾಕಿದಾಗ, 25 ಚಿತ್ರಗಳನ್ನು 60ಕ್ಕೆ ಹೊಂದಿಸುವಾಗ ಕೆಲವು ಎರಡು ಬಾರಿ, ಕೆಲವು ಮೂರು ಬಾರಿ ಬಂದು ಓಡುವ ಸಾಲು ಕುಲುಕುತ್ತದೆ, ನುಣುಪು ಹಾಕಿದರೆ ನಿಲ್ಲುತ್ತದೆ. ವಾದದಲ್ಲಿ ಅವರೂ ಗೆದ್ದಿದ್ದಾರೆಂದೇ ಹೇಳಬೇಕು.

ಚಿತ್ರದ ಕಲೆಗಳನ್ನು ಅಳಿಸುವ ‘ನಾಯ್ಸ್ ರಿಡಕ್ಷನ್’ ಮಾತ್ರ ಎಚ್ಚರದಿಂದ ಬಳಸತಕ್ಕದ್ದು. ಫ್ರೀ ಡಿಶ್ ಚಿತ್ರದ ಚೌಕಚೌಕದ ಕಲೆಗಳಿಗೆ ‘ಲೋ’ ಸಾಕು. ‘ಹೈ’ ಇಟ್ಟು ಕಪ್ಪುಬಿಳುಪು ಸಿನಿಮಾ ನೋಡಿದರೆ ಫಿಲ್ಮಿನ ಕಣಗಳನ್ನೂ ಕೊಳೆಯೆಂದೇ ತಿಳಿದು ತೊಳೆದುಹಾಕುತ್ತದೆ, ನಟರ ಮುಖ ಮೇಣದ ಗೊಂಬೆಯಂತಾಗುತ್ತದೆ.

ಇನ್ನೊಂದು ತೊಂದರೆ ಧ್ವನಿಯದು. ಚಿತ್ರವನ್ನು ತಿದ್ದಲು ಹೊತ್ತು ಬೇಕು. ಟಿವಿಯ ಸ್ಪೀಕರ್ ಬಳಸುವವರಿಗೆ ಇದು ತಿಳಿಯದು, ಟಿವಿಯೇ ಧ್ವನಿಯನ್ನೂ ಅಷ್ಟು ತಡೆಯುತ್ತದೆ. ಬಾಕ್ಸಿನಿಂದ ಧ್ವನಿಯನ್ನು ನೇರವಾಗಿ ಹೊರಗಿನ ಸ್ಪೀಕರಿಗೆ ಕೊಟ್ಟರೆ ಮಾತು ಮೊದಲು ಕೇಳಿಸಿ ತುಟಿ ಆಮೇಲೆ ಅಲುಗುತ್ತದೆ.

ಕೊಳ್ಳುವವರಿಗೆ ಒಂದು ಸಲಹೆ. ಅಂಗಡಿಯಲ್ಲಿ ಓಡಿಸುವ ಹೂವು, ಜಲಪಾತಗಳ ಮಾದರಿ ವಿಡಿಯೊ ಚಿತ್ರೀಕರಣದಲ್ಲೇ 4ಕೆ ಆಗಿರುತ್ತದೆ. ಅಲ್ಲಿ ಪ್ರೊಸೆಸರಿಗೆ ಪರೀಕ್ಷೆಯೇ ಇಲ್ಲ. ನೀವು ದಿನವೂ ನೋಡುವಂತಹ, ಸಾಧಾರಣ ಗುಣಮಟ್ಟದ ಒಂದು ತುಣುಕನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಚಲನೆಯ ನುಣುಪನ್ನು ಆಫ್ ಮಾಡಲು ರಿಮೋಟಿನಲ್ಲಿ ಎಷ್ಟು ಗುಂಡಿ ಒತ್ತಬೇಕೆಂದು ಅಂಗಡಿಯವರಿಂದಲೇ ಮಾಡಿಸಿ ನೋಡಿ.