ಉಪ್ಪುಗಾಳಿಯ ಊರಲ್ಲಿ ಜಾಯ್‌ಸ್ಟಿಕ್, ಥ್ರಾಟಲ್: ನಾಲ್ಕು ಮಳೆಗಾಲದ ಅನುಭವ

ನಮ್ಮದು ಕಾರವಾರದ ಕೋಡಿಬಾಗ. ಮಳೆಗಾಲ ಬಂತೆಂದರೆ ಭರಣಿಯೊಳಗಿನ ಉಪ್ಪೂ ನೀರೊಡೆಯುತ್ತದೆ. ಇಲ್ಲಿ ಕೂತು ಫ್ಲೈಟ್ ಸಿಮ್ಯುಲೇಟರ್ (ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ) ಆಡುವವರು, ವಿಮಾನ ವಾಲಿಸುವ ಹಿಡಿಯಾದ ಜಾಯ್‌ಸ್ಟಿಕ್‌ನಲ್ಲಿ ಎಷ್ಟು ಬಟನ್ ಇವೆ ಎಂದು ಎಣಿಸುವ ಮೊದಲು ಒಳಗೆ ಹಿಡಿಯ ಚಲನೆ ಅಳೆಯಲು ಯಾವ ಸೆನ್ಸರ್ ಇದೆ ಎಂದು ವಿಚಾರಿಸಬೇಕು. ನಾನು ವಿಚಾರಿಸಿರಲಿಲ್ಲ.

ಮೊದಲು ತಂದದ್ದು ಅಗ್ಗದ್ದು, ಹೆಸರು ಬೇಡ. ಒಳಗಿದ್ದದ್ದು ಪೊಟೆನ್ಶಿಯೋಮೀಟರ್, ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯಲ್ಲಿರುತ್ತದಲ್ಲ, ಅದೇ. ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಗೆ ಉಜ್ಜುತ್ತಾ ಓಡಾಡುತ್ತದೆ. ಎರಡನೇ ಮಳೆಗಾಲದ ಜುಲೈ ಹೊತ್ತಿಗೆ ಕೈಬಿಟ್ಟರೂ ಆಟದಲ್ಲಿನ ನನ್ನ ಪುಟ್ಟ ಸೆಸ್ನಾ ವಿಮಾನ ಎಡಕ್ಕೆ ವಾಲತೊಡಗಿತು. ರಡರ್‌ಗಾಗಿ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಹಿಡಿಯನ್ನೇ ತಿರುಚುವ ಟ್ವಿಸ್ಟ್ ಅಂತೂ ಇನ್ನೂ ಅಧ್ವಾನ: ರನ್‌ವೇ ಮೇಲೆ ವಿಮಾನದ ಮೂಗು ನೊಣ ಓಡಿಸುವ ಎಮ್ಮೆಯ ತಲೆಯ ಹಾಗೆ ಅತ್ತ ಇತ್ತ. ಡೆಡ್ ಜೋನ್, ಅಂದರೆ ಹಿಡಿ ನಡುವಿನಿಂದ ಚೂರು ಸರಿದರೂ ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ, ಹೆಚ್ಚಿಸಿದೆ. ನಡುಕ ನಿಂತಿತು, ಜೊತೆಗೆ ನಾಜೂಕಾಗಿ ತಿರುಗಿಸುವುದೂ ನಿಂತಿತು. ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಎರಡು ತಿಂಗಳು ಸರಿ, ಆಮೇಲೆ ಮತ್ತದೇ ಕತೆ. ಇದೇ ಮಾಡೆಲ್ ಶಿರಸಿಯ ಭಾವನ ಮನೆಯಲ್ಲಿ ಇನ್ನೂ ಗಟ್ಟಿಮುಟ್ಟಾಗಿದೆ. ಅಲ್ಲೂ ಮಳೆಗೇನು ಬರವಿಲ್ಲ, ಉಪ್ಪುಗಾಳಿ ಇಲ್ಲ ಅಷ್ಟೆ. ಅವನು ಆಡುವುದೂ ಕಡಿಮೆ ಅನ್ನಿ.

ಈಗ ಎರಡು ವರ್ಷದಿಂದ ಥ್ರಸ್ಟ್‌ಮಾಸ್ಟರ್ ಟಿ.16000ಎಂ ಜಾಯ್‌ಸ್ಟಿಕ್. ಹಿಂದೆ-ಮುಂದೆ, ಎಡ-ಬಲ ಚಲನೆಗೆ ಹಾಲ್ ಎಫೆಕ್ಟ್ ಸೆನ್ಸರ್, ಅಂದರೆ ಅಯಸ್ಕಾಂತ ಎಷ್ಟು ಸರಿದಿದೆ ಎಂದು ಮುಟ್ಟದೇ ಅಳೆಯುವಂಥದ್ದು. ಉಜ್ಜಾಟವೇ ಇಲ್ಲದ ಮೇಲೆ ಸವೆಯುವುದೆಲ್ಲಿ? ಹಿಡಿಯ ನಡು ಸರಿಯಿದೆಯೇ ಎಂದು ನೋಡುವ ಕ್ಯಾಲಿಬ್ರೇಶನ್ ಪರದೆಯ ಪ್ಲಸ್ ಗುರುತು ಇವತ್ತಿಗೂ ನಟ್ಟನಡುವೆ ಬಂದು ನಿಲ್ಲುತ್ತದೆ. ಹಿಡಿಯ ತುಂಡುಗಳನ್ನು ಬದಲಿಸಿದರೆ ಎಡಗೈಗೂ ಒಗ್ಗುತ್ತದೆ. ನನ್ನ ತಮ್ಮ ಎಡಚ, ಅವನಿಗೆ ಇದೊಂದೇ ಸಾಕಾಯಿತು.

ಎಂಜಿನ್ ವೇಗ ಏರಿಳಿಸುವ ಥ್ರಾಟಲ್ ಬೇರೆ ಬೇಕೇ? ಜಾಯ್‌ಸ್ಟಿಕ್‌ನ ಬುಡದಲ್ಲಿರುವ ಪುಟ್ಟ ಸ್ಲೈಡರ್ ಹಾರುವಾಗ ಸಾಲುತ್ತದೆ, ಇಳಿಯುವಾಗ ಸಾಲದು. ಗೋವಾದ ದಾಬೋಳಿಯ 26ನೇ ರನ್‌ವೇಗೆ 65 ನಾಟ್‌ನಲ್ಲಿ ಇಳಿಯುತ್ತಿರುವಾಗ ಎಂಜಿನ್ ವೇಗ ನಿಮಿಷಕ್ಕೆ ನೂರು ಸುತ್ತು ಏರಿಸಬೇಕು ಅಂದುಕೊಳ್ಳಿ. ಸ್ಲೈಡರನ್ನು ಹೆಬ್ಬೆರಳಲ್ಲಿ ಚೂರು ತಳ್ಳಿದರೆ ನಾನ್ನೂರು ಏರುತ್ತದೆ. ಉದ್ದಕ್ಕೆ ಸರಿಯುವ ಥ್ರಾಟಲ್ ಬಂದ ವಾರವೇ ನನ್ನ ಲ್ಯಾಂಡಿಂಗ್ ಸುಧಾರಿಸಿತು.

ಆದರೆ ನಾನು ಕೊಂಡದ್ದು ಹಳಿಯ ಮೇಲೆ ಜಾರುವ ಬಗೆ. ಮೊದಲ ಮಳೆಗಾಲಕ್ಕೇ ಗ್ರೀಸ್ ಅಂಟಂಟಾಗಿ, ಮೊದಲು ಕಚ್ಚಿ ಹಿಡಿದು ಆಮೇಲೆ ಧಡಕ್ಕನೆ ಮುಂದೆ ಹೋಗತೊಡಗಿತು. ಹಳೇ ಗ್ರೀಸ್ ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿದ ಮೇಲೆ ಪರವಾಗಿಲ್ಲ. ಡಬ್ಬ ಹಗುರ, ತಳ್ಳಿದರೆ ಮೇಜಿನ ಮೇಲೇ ಸರಿಯುತ್ತದೆ; ಬಡಗಿಯ ಸಿ-ಕ್ಲಾಂಪ್ ಹಾಕಿ ಬಿಗಿದಿದ್ದೇನೆ. ಈಗ ಕೊಳ್ಳುವುದಾದರೆ ಸ್ಕ್ರೂ ತಿರುಗಿಸಿ ಬಿಗಿ ಹೊಂದಿಸಬಹುದಾದ ಲಿವರ್ ಬಗೆಯದನ್ನೇ ತರುತ್ತಿದ್ದೆ. ದುಡ್ಡು ಒಂದಕ್ಕೇ ಇದ್ದರೆ ಮಾತ್ರ ಅಯಸ್ಕಾಂತದ ಜಾಯ್‌ಸ್ಟಿಕ್ ಮೊದಲು, ಥ್ರಾಟಲ್ ಮುಂದಿನ ವರ್ಷ.

ಮೊನ್ನೆ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ನೌಕಾಪಡೆಯ ಟುಪೊಲೆವ್-142 ವಿಮಾನ ನೋಡಿ ಬಂದ ತಮ್ಮ ನನ್ನ ಥ್ರಾಟಲನ್ನೇ ದಿಟ್ಟಿಸಿದ. ಅದಕ್ಕೆ ನಾಲ್ಕು ಎಂಜಿನ್, ಒಂದೊಂದಕ್ಕೂ ಎರಡೆರಡು ಪ್ರೊಪೆಲ್ಲರ್. "ಅಣ್ಣಾ, ನಿಂದು ಒಂದೇ ಹಿಡಿಯಾ?" ಅಂದ.