ಉಡುಪಿ ಹುಡುಕಿದರೆ ಉಡುಪು ಸಿಕ್ಕಿತು

ಅಜ್ಜನ ದಿನಚರಿಗಳನ್ನು ಟೈಪ್ ಮಾಡಿ ಮುಗಿಸುವಾಗ ನಾನೂರು ಚಿಲ್ಲರೆ ಫೈಲ್ ಆಗಿತ್ತು. ಒಂದೊಂದಕ್ಕೂ 'ಪರ್ಯಾಯ', 'ಗೇಣಿ', 'ಕೋರ್ಟು' ಅಂತ ಕೈಯಾರೆ ವಿಷಯ ಬರೆಯಲು ಕೂತೆ. ಮೂವತ್ತನೇ ಫೈಲಿಗೆ ತಾಳ್ಮೆ ಮುಗಿಯಿತು. ಕಂಪ್ಯೂಟರೇ ಪದಸೂಚಿ ಮಾಡಿಕೊಳ್ಳಲಿ ಎಂದು ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5 ಹಿಡಿದೆ, ಅಂದರೆ ಮಾಹಿತಿ ಕೂಡಿಡುವ ಒಂದು ತಂತ್ರಾಂಶದಲ್ಲಿ ಬರಹ ಹುಡುಕಿಕೊಡುವ ಭಾಗ. ಪುಕ್ಕಟೆ, ಹಳೇ ಲ್ಯಾಪ್‌ಟಾಪಿಗೂ ಸಾಕು. ಅದರಲ್ಲಿ ಪದ ಒಡೆಯುವ ಮೂರು ಬಗೆ ನೋಡಿದೆ.

ಮೊದಲು, ಏನೂ ಬದಲಿಸದೆ. 'ಉಡುಪಿ' ಅಂತ ಹುಡುಕಿದೆ. ಅತ್ತೆಯ ಮದುವೆಗೆ ಉಡುಪು ಹೊಲಿಸಿದ ಪುಟವೂ ಬಂತು! ತಮಾಷೆ ಅಂದುಕೊಂಡೆ, ಅಲ್ಲ. ಇದರ ಮಾಮೂಲಿ ಒಡೆಯುವ ಭಾಗ ಯೂನಿಕೋಡ್61. ಅದಕ್ಕೆ ಅಕ್ಷರ, ಅಂಕಿ ಮಾತ್ರ ಪದಕ್ಕೆ ಸೇರಿದವು. ನಮ್ಮ ಗುಣಿತದ ಚಿಹ್ನೆ ಬಂದಲ್ಲೆಲ್ಲ ಪದ ಮುಗಿಯಿತು ಅಂತ ಕತ್ತರಿಸುತ್ತದೆ. ಉಡುಪಿ, ಉಡುಪು ಎರಡೂ ಸುಮ್ನೆ ಉಡ, ಪ. ಬರೀ ಇಂಗ್ಲಿಷ್ ಫೈಲ್ ಇಟ್ಟವರಿಗೆ ಇದು ಗೊತ್ತೇ ಆಗುವುದಿಲ್ಲ.

ಎರಡನೇದು, ಅದೇ ಯೂನಿಕೋಡ್61. ಆದರೆ ಸೂಚಿ ಮಾಡುವಾಗ ನಮ್ಮ ಗುಣಿತದ ಚಿಹ್ನೆಗಳು ಬರುವ ಎಂಸಿ, ಎಂಎನ್ ಎಂಬ ಗುಂಪುಗಳನ್ನೂ ಪದಕ್ಕೆ ಸೇರಿಸು ಎಂದು ಹೇಳಿದೆ. ಉಡುಪು ಹೋಯಿತು. ಜೊತೆಗೆ 'ಉಡುಪಿಗೆ', 'ಉಡುಪಿಯಲ್ಲಿ' ಇರುವ ಪುಟಗಳೂ ಹೋದವು, ವಿಭಕ್ತಿ ಅಂಟಿದ ಕೂಡಲೇ ಅದು ಬೇರೆ ಪದ. 'ಉಡುಪಿ*' ಎಂದು ನಕ್ಷತ್ರ ಹಾಕಿದರೆ ವಾಪಸ್ ಬರುತ್ತವೆ. ಮಂಗಳೂರಿನದ್ದು ಇನ್ನೊಂದು ತಂಟೆ. 'ಮಂಗಳೂರಿಗೆ' ಎನ್ನುವಾಗ ಕೊನೆಯ ಉಕಾರ ಇರುವುದಿಲ್ಲ ಅಲ್ವಾ? 'ಮಂಗಳೂರ*' ಎಂದೇ ಕೊಡಬೇಕು.

ಮೂರನೇದು ಟ್ರೈಗ್ರಾಮ್, 2020ರ ಕೊನೆಗೆ ಬಂದದ್ದು. ಪದದ ಗೊಡವೆಯೇ ಇಲ್ಲ, ಮೂರು ಮೂರು ಸಂಕೇತಗಳ ತುಣುಕು ಮಾಡಿ ಇಡುತ್ತದೆ (ಅಕ್ಷರ, ಗುಣಿತದ ಚಿಹ್ನೆ ಒಂದೊಂದೂ ಒಂದು ಸಂಕೇತ). 'ಗದ್ದೆ' ಅಂದರೆ 'ಕಂಬಳಗದ್ದೆ'ಯೂ ಬಂತು, ಖುಷಿಯಾಯಿತು. ಆಮೇಲೆ 'ಮಠ' ಅಂತ ಕೊಟ್ಟೆ. ಒಂದೂ ಇಲ್ಲ! ಉಡುಪಿಯ ದಿನಚರಿಯಲ್ಲಿ! ಹುಡುಕಲು ಕನಿಷ್ಠ ಮೂರು ಸಂಕೇತ ಬೇಕು, ಮಠದಲ್ಲಿ ಎರಡೇ. 'ರಥ'ಕ್ಕೂ ಅದೇ ಗತಿ. ಸೂಚಿಯ ಫೈಲೂ ಜಾಸ್ತಿ ದಪ್ಪ.

ಯಾವ ಪುಟ ಮೇಲೆ ಬರಬೇಕು ಎಂಬ ಲೆಕ್ಕ ಮೂರರಲ್ಲೂ ಒಂದೇ, ಬಿಎಂ25. ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡಿ ಎಂದು ಮಾಹಿತಿ ಹುಡುಕಾಟದ ಸಂಶೋಧಕಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಹೇಳಿದ ಮಾತೇ ಅದರೊಳಗಿದೆ. ಪದವೇ ತಪ್ಪಾಗಿ ಒಡೆದಿದ್ದರೆ ತೂಗುವುದು ಏನನ್ನು?

ನಾನು ಎರಡನೇದನ್ನೇ ಇಟ್ಟುಕೊಂಡೆ, ಜೋಡುಪದಗಳಿಗೆ ಮಾತ್ರ ಟ್ರೈಗ್ರಾಮ್. ಅಜ್ಜ ಕೆಲವು ಕಡೆ ಮಂಗಳೂರನ್ನು 'ಕುಡ್ಲ' ಅಂತಲೇ ಬರೆದಿದ್ದಾರೆ. 'ಮಂಗಳೂರು' ಎಂದು ಹುಡುಕಿದರೆ ಅದನ್ನು ಮೂರೂ ಹಿಡಿಯಲಿಲ್ಲ. ಆ ಹನ್ನೊಂದು ಪುಟಗಳಿಗೆ ಕೈಯಾರೆ 'ಮಂಗಳೂರು' ಸೇರಿಸಿದೆ.