ಚೆವ್ನಿಂಗ್ ವಿದ್ಯಾರ್ಥಿವೇತನ: ನನ್ನ ಅಭಿಪ್ರಾಯ

ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆಗಿದೆ, ಇಂಗ್ಲೆಂಡಿನಲ್ಲಿ ಎಂಎ ಮಾಡಬೇಕು, ಆದ್ರೆ ಮನೆ ಅಡ ಇಟ್ಟು ಸಾಲ ಮಾಡೋ ಧೈರ್ಯ ಇಲ್ಲ ಅನ್ನುವವರು ಇದನ್ನು ಖಂಡಿತ ನೋಡಿ. ಬ್ರಿಟಿಷ್ ಸರ್ಕಾರ 1983ರಿಂದ ಕೊಡುತ್ತಿರುವ ವಿದ್ಯಾರ್ಥಿವೇತನ ಇದು. ಒಂದು ವರ್ಷದ ಸ್ನಾತಕೋತ್ತರ ಕೋರ್ಸಿನ ಶುಲ್ಕ, ವಿಮಾನದ ಟಿಕೆಟ್, ತಿಂಗಳ ಖರ್ಚು ಎಲ್ಲಾ ಅವರದೇ. ಲಂಡನ್‌ನಲ್ಲಿ ಓದಿದರೆ ತಿಂಗಳ ಹಣ ಸ್ವಲ್ಪ ಜಾಸ್ತಿ. (ಅಲ್ಲಿಗೆ ಹೋದವರು ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ನೋಡದೆ ಬರಬೇಡಿ!)

ನನಗೆ ತುಂಬಾ ಹಿಡಿಸಿದ್ದು ಆಯ್ಕೆಯ ರೀತಿ. ಬರೀ ಅಂಕ ನೋಡಲ್ಲ. 2,800 ಗಂಟೆ ಕೆಲಸದ ಅನುಭವ ಕೇಳುತ್ತಾರೆ, ಅದರಲ್ಲಿ ಸ್ವಯಂಸೇವೆಯೂ ಲೆಕ್ಕಕ್ಕೆ ಬರುತ್ತೆ. ವಯಸ್ಸಿನ ಮಿತಿ ಇಲ್ಲ, ಅರ್ಜಿಗೆ ದುಡ್ಡೂ ಇಲ್ಲ. ಆದ್ರೆ ಅರ್ಜಿಯಲ್ಲಿ ನಿಮ್ಮ ನಾಯಕತ್ವ ಮುಂತಾದವುಗಳ ಬಗ್ಗೆ ಬರೆಯಬೇಕಾದ ಪ್ರಬಂಧಗಳೇ ನಿಜವಾದ ಪರೀಕ್ಷೆ. 'ನಾನು ನಾಯಕ' ಅಂತ ಸುಮ್ನೆ ಬರೆದರೆ ಆಗಲ್ಲ. ಹಳ್ಳಿ ಶಾಲೆಗೆ ಗ್ರಂಥಾಲಯ ಮಾಡಿಸಿದ್ದರೆ ಯಾರ ಹತ್ತಿರ ಹೋದಿರಿ, ಯಾರು ಬೇಡ ಅಂದರು, ಅವರನ್ನು ಹೇಗೆ ಒಪ್ಪಿಸಿದಿರಿ, ಆಮೇಲೆ ಏನು ಬದಲಾಯ್ತು ಅಂತ ಬಿಡಿಸಿ ಬರೆಯಬೇಕು.

ಬೇಸರದ ಸಂಗತಿ ಅಂದ್ರೆ ಗಂಡ, ಹೆಂಡತಿ, ಮಕ್ಕಳ ಖರ್ಚು ಕೊಡಲ್ಲ. ಮಗು ಇರುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅಡ್ಡಿ ಅಲ್ವಾ, ಇದನ್ನು ಅವರು ಬದಲಾಯಿಸಲೇಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲೇ ಇರಬೇಕು ಅನ್ನೋ ಷರತ್ತೂ ಇದೆ. ನನಗದು ಸರಿ ಅನ್ನಿಸುತ್ತೆ, ಆದ್ರೆ ಅಲ್ಲೇ ಕೆಲಸ ಹುಡುಕೋ ಆಸೆ ಇರುವವರು ಬೇರೆ ದಾರಿ ನೋಡಿಕೊಳ್ಳಿ.